ಮೊದಲ ಫೈಟ್‌ಗೆ ಮುಂಚೆ ಕಾಲುಂಗುರ ತೆಗೆದಿಡಿ

ಮೈಸೂರಿನ ಕುವೆಂಪುನಗರದ ನಮ್ಮ ಕರಾಟೆ ಕ್ಲಾಸಿಗೆ ಈ ತಿಂಗಳು ಮೂವರು ಅಮ್ಮಂದಿರು ಸೇರಿದ್ದಾರೆ. ಮಕ್ಕಳನ್ನು ಬಿಟ್ಟು ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತಿದ್ದವರು, ಒಂದು ಕಾಲದಲ್ಲಿ ನಾನು ಕೂತಿದ್ದ ಹಾಗೇ. ಮುಂದಿನ ವಾರ ಅವರಿಗೆ ಮೊದಲ ಕುಮಿತೆ, ಅಂದರೆ ಎದುರುಬದುರು ಫೈಟ್. "ಅಕ್ಕಾ, ತುಂಬಾ ಏಟು ಬೀಳುತ್ತಾ?" ಅಂತ ಒಬ್ಬರು ಕೇಳಿದರು. "ಬೀಳೋದಕ್ಕಿಂತ ನೀವು ಕೊಡೋದೇ ಜಾಸ್ತಿ" ಅಂದೆ. ನಕ್ಕರು. ನಾನೇನೂ ತಮಾಷೆ ಮಾಡಿರಲಿಲ್ಲ.

ಮೂರು ವರ್ಷದ ಹಿಂದೆ ನನ್ನ ಮೊದಲ ಫೈಟ್‌ಗೆ ಎದುರು ನಿಂತವನು ಒಬ್ಬ ಬ್ರೌನ್ ಬೆಲ್ಟ್ ಹುಡುಗ, ಬ್ಲ್ಯಾಕ್ ಬೆಲ್ಟ್‌ಗೆ ಒಂದು ಮೆಟ್ಟಿಲು ಕೆಳಗೆ. ಇಂಜಿನಿಯರಿಂಗ್ ಓದುತ್ತಿದ್ದ. ನನಗೆ ಹೊಡೆಯುವ ಯೋಚನೆಯೇ ಅವನಿಗಿರಲಿಲ್ಲ. ಸುಮ್ನೆ ಒಂದು ಹೆಜ್ಜೆ ಮುಂದಿಟ್ಟ, ಅಷ್ಟೇ. ನಾನು ಕಣ್ಣು ಮುಚ್ಚಿ, ಇರೋ ಬರೋ ಶಕ್ತಿಯೆಲ್ಲ ಹಾಕಿ ಪಂಚ್ ಬಿಟ್ಟೆ. ಕಣ್ಣು ತೆರೆದಾಗ ಅವನ ತುಟಿಯಲ್ಲಿ ರಕ್ತ. "ಪರವಾಗಿಲ್ಲ ಆಂಟಿ" ಅಂದ. ಆಂಟಿ ಅಂದದ್ದಕ್ಕೆ ಮುನಿಸಿಕೊಳ್ಳಲೂ ನನಗೆ ಮುಖ ಇರಲಿಲ್ಲ.

ಹೆದರಿದವರ ಕೈ ಜೋರು. ಅದಕ್ಕೇ ಇಬ್ಬರು ಹೊಸಬರನ್ನು ಎದುರುಬದುರು ನಿಲ್ಲಿಸಬಾರದು ಅನ್ನುವುದು ನನ್ನ ವಾದ. ಮಾಸ್ಟ್ರು ಪೂರ್ತಿ ಒಪ್ಪುವುದಿಲ್ಲ, ಬಿಡಿ. ನನ್ನ ಕೇಳಿದರೆ ಮೊದಲ ಹತ್ತು ಫೈಟ್ ಸೀನಿಯರ್ ಜೊತೆಗೇ ಆಗಲಿ. ಅವರಿಗೆ ಕೈಯನ್ನು ಮೈಗೆ ಒಂದಿಂಚು ದೂರದಲ್ಲಿ ನಿಲ್ಲಿಸಲು ಬರುತ್ತೆ. ನಮಗೆ ಬರಲ್ಲ.

ವಿಜಯದಶಮಿ ದಿನ ನಮ್ಮ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಆಗುತ್ತಲ್ಲ, ಅಲ್ಲಿ ರಕ್ತ ಕಂಡರೆ ಕಾಳಗ ಮುಗಿಯಿತು, ರಕ್ತ ಬರಿಸಿದವರೇ ಗೆದ್ದಂತೆ. ಒಲಿಂಪಿಕ್ಸ್ ಶೈಲಿಯ ಕರಾಟೆಯಲ್ಲಿ ಉಲ್ಟಾ, ಅಳತೆ ಮೀರಿ ಹೊಡೆದವರೇ ಸೋಲುತ್ತಾರೆ. 2021ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ 75 ಕೆಜಿ ಮೇಲಿನ ಗಂಡಸರ ಫೈನಲ್ ನಡೆಯಿತು. ಸೌದಿಯ ತಾರೆಗ್ ಹಮೀದಿ 4–1ರಿಂದ ಮುಂದಿದ್ದರು. ಅವರ ಒಂದು ಕಿಕ್‌ಗೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಸ್ಟ್ರೆಚರ್ ಮೇಲೆ ಹೋದವರಿಗೆ ಚಿನ್ನ ಬಂತು, ನಿಂತಿದ್ದವರಿಗೆ ಬೆಳ್ಳಿ. ಹಮೀದಿ ಅತ್ತಿದ್ದು ನೋಡಿ ನನಗೂ ಸಂಕಟವಾಯಿತು. ಆದರೂ ಆ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ.

ಇನ್ನು ಉಸಿರು. ಚಾಮುಂಡಿ ಬೆಟ್ಟದ ಮೆಟ್ಟಿಲೆಲ್ಲ ಹತ್ತುವವಳು ನಾನು, ಫೈಟ್‌ನಲ್ಲಿ ಅರ್ಧ ನಿಮಿಷಕ್ಕೇ ಸುಸ್ತು. ಯಾಕೆ ಅಂದರೆ ಅಷ್ಟೂ ಹೊತ್ತು ಉಸಿರು ಬಿಗಿಹಿಡಿದಿದ್ದೆ! ಏಟು ಹಾಕುವಾಗ 'ಕಿಯಾಯ್' ಅಂತ ಕೂಗುವುದು ಎದುರಿನವರನ್ನು ಹೆದರಿಸೋಕೆ ಅಂದುಕೊಂಡಿದ್ದೆ. ಕೂಗಬೇಕಾದರೆ ಉಸಿರು ಹೊರಗೆ ಬರಲೇಬೇಕಲ್ವಾ? ನಾಚಿಕೆ ಬಿಟ್ಟು ಕೂಗಿ. ಪಕ್ಕದ ಮನೆಯವರು ಎರಡು ದಿನ ಇಣುಕಿ ನೋಡುತ್ತಾರೆ, ಆಮೇಲೆ ಅಭ್ಯಾಸವಾಗುತ್ತೆ.

ಎದುರಿನವರ ಕೈ ನೋಡಬೇಡಿ, ಎದೆ ನೋಡಿ. ಕೈ ಮೋಸ ಮಾಡುತ್ತೆ, ಭುಜ ಮೊದಲೇ ಹೇಳಿಬಿಡುತ್ತೆ. ಒಂದು ಹೆಜ್ಜೆ ಇಟ್ಟರೆ ಮಾತ್ರ ಎಟುಕುವಷ್ಟು ದೂರದಲ್ಲಿ ನಿಲ್ಲಿ. ಮೈಮೇಲೆ ಬಂದರೆ ನೇರ ಹಿಂದಕ್ಕೆ ಓಡಬೇಡಿ, ಮುಂದೆ ನುಗ್ಗುವವರು ನಿಮಗಿಂತ ಬೇಗ ಬರುತ್ತಾರೆ. ಪಕ್ಕಕ್ಕೆ ಸರಿಯಿರಿ. ಕಿಕ್ ಬಂದಾಗ ಬೆರಳು ಬಿಡಿಸಿ ಹಿಡಿಯಲು ಹೋದರೆ ಬೆರಳು ಊದಿಕೊಂಡು ಮಾರನೆ ದಿನ ಚಪಾತಿ ಲಟ್ಟಿಸಲಾಗಲ್ಲ. ಅನುಭವದ ಮಾತು.

ಉಗುರು ಕತ್ತರಿಸಿ, ಕಾಲಿನದೂ. ಬಳೆ, ಓಲೆ, ಸರ, ಕಾಲುಂಗುರ ಎಲ್ಲ ಡಬ್ಬಿಗೆ. ಕಾಲುಂಗುರ ತೆಗೆದದ್ದಕ್ಕೆ ನಮ್ಮತ್ತೆ ಒಂದು ವಾರ ಮುಖ ಊದಿಸಿಕೊಂಡಿದ್ದರು. ಅದು ಎದುರಿನವರ ಚರ್ಮ ಸೀಳುತ್ತೆ, ನಿಮ್ಮ ಬೆರಳನ್ನೂ ತಿರುಚುತ್ತೆ ಅಂತ ಹೇಳಿದ ಮೇಲೆ ಈಗ ಡಬ್ಬಿ ಅವರೇ ಕೊಡುತ್ತಾರೆ. ಮೌತ್ ಗಾರ್ಡ್ ಬಿಸಿನೀರಲ್ಲಿ ಅದ್ದಿ ಕಚ್ಚಿ ನಿಮ್ಮ ಹಲ್ಲಿಗೆ ಕೂರಿಸಿಕೊಳ್ಳಿ, ಮಕ್ಕಳದ್ದು ಎರವಲು ತರಬೇಡಿ.

ತಲೆಗೆ ಬಿದ್ದು ಕಣ್ಣು ಮಂಜಾದರೆ, ವಾಕರಿಕೆ ಬಂದರೆ ಅವತ್ತಿನ ಫೈಟ್ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಗ್ಲೌಸ್ ಇದೆಯಲ್ಲ ಅನ್ನಬೇಡಿ. ಗ್ಲೌಸ್ ಚರ್ಮ ಉಳಿಸುತ್ತೆ, ಒಳಗೆ ಮಿದುಳು ಅದುರುವುದನ್ನು ತಡೆಯಲ್ಲ.

ಆ ಹುಡುಗನಿಗೆ ಈಗ ಬ್ಲ್ಯಾಕ್ ಬೆಲ್ಟ್. ಬೇರೆಯವರ ಜೊತೆ ಪ್ರಾಕ್ಟೀಸಿಗೆ ಹಾಗೇ ನಿಲ್ಲುತ್ತಾನೆ, ಎಷ್ಟು ಬೈದರೂ ಕೇಳಲ್ಲ. ನಾನು ಎದುರು ಬಂದರೆ ಮಾತ್ರ "ಒಂದ್ ನಿಮಿಷ ಆಂಟಿ" ಅಂತ ಬ್ಯಾಗಿನ ಹತ್ತಿರ ಓಡಿ ಮೌತ್ ಗಾರ್ಡ್ ಹಾಕಿಕೊಂಡು ಬರುತ್ತಾನೆ.