ಹುಟ್ಟದ ಕನ್ಸೋಲಿಗೆ ಕುಲಾವಿ

2025ರ ನವೆಂಬರಿನಲ್ಲಿ, ‘ಸ್ಟೀಮ್’ ಎಂಬ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಸ್ಟೀಮ್ ಮಷೀನ್ ಎಂಬ, ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಪೆಟ್ಟಿಗೆ ತೋರಿಸಿತು. ಆರು ಕೋರಿನ ಎಎಂಡಿ ಪ್ರೊಸೆಸರ್, 16 ಜಿಬಿ ರ‍್ಯಾಮ್, ಗ್ರಾಫಿಕ್ಸಿಗೆ ಪ್ರತ್ಯೇಕ 8 ಜಿಬಿ ಎಂದು ಎಲ್ಲವನ್ನೂ ಹೇಳಿತು, ಬೆಲೆಯೊಂದನ್ನು ಬಿಟ್ಟು. ಆ ಖಾಲಿ ಜಾಗವನ್ನು ಸಾರ್ವಜನಿಕರು ಪುಕ್ಕಟೆಯಾಗಿ ತುಂಬಿಕೊಟ್ಟರು. 500 ಡಾಲರ್ ಎಂದು ಒಬ್ಬರು, ಇಲ್ಲ 800 ಎಂದು ಇನ್ನೊಬ್ಬರು. ಆಮೇಲೆ ತಾವೇ ಇಟ್ಟ ಬೆಲೆಯನ್ನು ತಾವೇ ನೋಡಿ ‘ಹಗಲು ದರೋಡೆ’ ಎಂದು ಸಿಟ್ಟಾದರು.

ಕಂಪನಿ ಹೇಳಿದ್ದಿಷ್ಟೇ: ಇಷ್ಟೇ ಸಾಮರ್ಥ್ಯದ ಪಿಸಿ ಜೋಡಿಸಲು ಎಷ್ಟಾಗುತ್ತದೋ ಹೆಚ್ಚುಕಡಿಮೆ ಅಷ್ಟು, ಕೈಯಿಂದ ಹಾಕಿ ಮಾರುವುದಿಲ್ಲ. ಇದರಲ್ಲಿ ಗುಟ್ಟೇನಿಲ್ಲ. ಪ್ಲೇಸ್ಟೇಷನ್ ಮಾರುವ ಸೋನಿಯವರು ಪೆಟ್ಟಿಗೆಯನ್ನು ನಷ್ಟಕ್ಕೆ ಕೊಟ್ಟರೂ ಅವರ ಅಂಗಡಿ ಬಿಟ್ಟು ಬೇರೆಲ್ಲೂ ಡಿಜಿಟಲ್ ಗೇಮ್ ಸಿಗುವುದಿಲ್ಲ. ಮಾರಾಟವಾದ ಪ್ರತಿ ಗೇಮಿನಲ್ಲೂ ಸುಮಾರು ಶೇ. 30 ಅವರ ಪಾಲು. ಸ್ಟೀಮ್ ಮಷೀನ್ ಹಾಗಲ್ಲ, ಪಿಸಿ. ಯಾವುದೋ ಆಫೀಸಿನವರು ಅಗ್ಗವೆಂದು ನೂರು ಕೊಂಡು, ವಿಂಡೋಸ್ ಹಾಕಿ, ಎಕ್ಸೆಲ್ ತೆರೆದು ಕೂತರೆ ಒಂದು ಗೇಮೂ ಮಾರಾಟವಾಗದು. ಅಷ್ಟರಲ್ಲಿ ಮೆಮೊರಿ ಚಿಪ್ಪುಗಳನ್ನು ಎಐ ಡೇಟಾ ಸೆಂಟರುಗಳು ಬಾಚಿಕೊಳ್ಳತೊಡಗಿ ರ‍್ಯಾಮ್ ದರ ಗಗನಕ್ಕೇರಿತು. ಹಳೆಯ ದರಪಟ್ಟಿ ಹಿಡಿದು ಪೈಸೆ ಬಿಡದೆ ಲೆಕ್ಕ ಹಾಕಿದ್ದ ಪಂಡಿತರು ಮಾತ್ರ ತಮ್ಮ ಅಂಕಿಯಿಂದ ಕದಲಲಿಲ್ಲ. ತಪ್ಪು ಅವರದಲ್ಲ, ಮಾರುಕಟ್ಟೆಯದು.

ಇವರಿಗಿಂತ ಗಟ್ಟಿ ಪಂಗಡ ‘ಸ್ವಲ್ಪ ತಡೀರಿ, ಇಳಿಯುತ್ತೆ’ ಎನ್ನುವವರದು. ಅವರ ಶಾಸ್ತ್ರಕ್ಕೆ ಆಧಾರವಿದೆ. ಸೋನಿಯ ಪಿಎಸ್2 (ಪ್ಲೇಸ್ಟೇಷನ್ 2) ಅಮೆರಿಕದಲ್ಲಿ 2000ದಲ್ಲಿ 299 ಡಾಲರಿಗೆ ಬಂತು. 2002ರಲ್ಲಿ 199, 2004ರಲ್ಲಿ 149, 2006ರಲ್ಲಿ 129, 2009ರಲ್ಲಿ 99. ಚಿಪ್ ಕಿರಿದಾದಂತೆ ಒಂದೇ ವೇಫರಿನಿಂದ (ಚಿಪ್ಪುಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆ) ಹೆಚ್ಚು ಚಿಪ್ ಸಿಗುತ್ತಿತ್ತು, ಎರಡು ಚಿಪ್ಪುಗಳ ಕೆಲಸ ಒಂದಕ್ಕೇ ಬರುತ್ತಿತ್ತು, ವಿದ್ಯುತ್ ಕಡಿಮೆ ಸಾಕಾಗುತ್ತಿತ್ತು. ಪಿಎಸ್5ರಲ್ಲೂ ಚಿಪ್ ತಯಾರಿಕೆ 2022ರಲ್ಲಿ 7 ನ್ಯಾನೋಮೀಟರ್ ತಂತ್ರದಿಂದ 6ಕ್ಕೆ ಇಳಿಯಿತು. ಇಳಿದದ್ದು ಅದೊಂದೇ. 2020ರಲ್ಲಿ 499 ಇದ್ದದ್ದು 2025ರ ಆಗಸ್ಟಿನಲ್ಲಿ 549 ಆಯಿತು. ತವರೂರಾದ ಜಪಾನಿನಲ್ಲೇ ತೆರಿಗೆ ಸೇರಿ 54,978 ಯೆನ್ ಇದ್ದದ್ದು ನಾಲ್ಕೇ ವರ್ಷದಲ್ಲಿ 79,980 ಮುಟ್ಟಿತು. ಹೊಸ ತಲೆಮಾರಿನ ವೇಫರ್ ದುಬಾರಿಯಾಗುತ್ತಲೇ ಇದೆ, ಮೇಲೆ ಸುಂಕ, ವಿನಿಮಯ ದರ. 2020ರಿಂದ ತಡೆದುಕೊಂಡು ಕೂತವರು ಈಗಲೂ ಕೂತಿದ್ದಾರೆ. ಅವರ ತಾಳ್ಮೆಗೆ ಬಡ್ಡಿ ಮಾತ್ರ ಉಲ್ಟಾ ಓಡುತ್ತಿದೆ. ಯುರೋಪಿನ ಡಿಜಿಟಲ್ ಮಾದರಿಯಲ್ಲಂತೂ ಬೆಲೆ ಮುಟ್ಟದೆ 1 ಟಿಬಿ ಸ್ಟೋರೇಜನ್ನು 825 ಜಿಬಿಗೆ ಇಳಿಸಿದರು. ಕೊನೆಗೂ ಏನೋ ಒಂದು ಇಳಿಯಿತಲ್ಲ!

1995ರಲ್ಲಿ ಗೇಮ್ ಉದ್ಯಮದ ಇ3 ಮೇಳದಲ್ಲಿ ಸೆಗಾ ಕಂಪನಿಯವರು ತಮ್ಮ ಸ್ಯಾಟರ್ನ್ ಕನ್ಸೋಲಿನ ಬೆಲೆ 399 ಡಾಲರ್ ಎಂದ ದಿನವೇ ಸೋನಿಯ ಸ್ಟೀವ್ ರೇಸ್ ವೇದಿಕೆ ಹತ್ತಿ, ಮೊದಲ ಪ್ಲೇಸ್ಟೇಷನ್ನಿನ ಬೆಲೆ ‘299’ ಎಂದಷ್ಟೇ ಹೇಳಿ ಇಳಿದುಹೋದರು. ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಈಗ ಅದೇ ಅಂಕಿಗಳಿಗೆ ಇನ್ನೊಂದು 9 ಸೇರಿಸಿ, ನಡುವೆ ಒಂದು ಚುಕ್ಕೆ ಇಟ್ಟು, 29.99 ಕೊಟ್ಟರೆ, ಪಿಎಸ್5ರ ದುಬಾರಿ ಮಾದರಿಯಾದ ಪಿಎಸ್5 ಪ್ರೋ ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡ್ ಬರುತ್ತದೆ. ಸ್ಟ್ಯಾಂಡ್ ಪೆಟ್ಟಿಗೆಯೊಳಗಿಲ್ಲ. ಡಿಸ್ಕ್ ಡ್ರೈವೂ ಇಲ್ಲ. 2024ರಲ್ಲಿ ಬಿಡುಗಡೆಯಾದಾಗಿನ ಬಿಲ್ ಹಾಕಿ: ಪೆಟ್ಟಿಗೆ 699.99, ಡ್ರೈವ್ 79.99, ಸ್ಟ್ಯಾಂಡ್ 29.99, ಒಟ್ಟು 809.97. ಕ್ಯಾಲಿಫೋರ್ನಿಯಾದ ಕನಿಷ್ಠ ತೆರಿಗೆ ಶೇ. 7.25 ಸೇರಿಸಿದರೆ 868.69. ಡ್ರೈವ್ ಸಿಕ್ಕಿಸಿದ ಮೇಲೆ ಒಮ್ಮೆ ಇಂಟರ್‌ನೆಟ್ಟಿಗೆ ಜೋಡಿಸಿ ನೋಂದಾಯಿಸಬೇಕು, ಇಲ್ಲವಾದರೆ ಡಿಸ್ಕ್ ಓದದು. ಇಂಟರ್‌ನೆಟ್ ಇಲ್ಲದ ಕಡೆ ಆಡೋಣವೆಂದು ಡಿಸ್ಕ್ ಕೊಳ್ಳುವವರಿಗೆ ಇಂಟರ್‌ನೆಟ್ ಕಡ್ಡಾಯ.

ನಿಂಟೆಂಡೊ ಇನ್ನೂ ಸೂಕ್ಷ್ಮ. ಅವರ ಸ್ವಿಚ್ 2 ಕನ್ಸೋಲಿನ ಜೊತೆ ಬರುವ ಹಿಡಿಯಲ್ಲಿ ಜಾಯ್-ಕಾನ್ ಎಂಬ ಪುಟ್ಟ ಕಂಟ್ರೋಲರುಗಳನ್ನು ಸಿಕ್ಕಿಸಬಹುದು, ಚಾರ್ಜ್ ಆಗದು. ಚಾರ್ಜ್ ಆಗುವ ಹಿಡಿಗೆ ಬೇರೆ ದುಡ್ಡು. ಹಳೆಯ ಮೈಕ್ರೋಎಸ್‌ಡಿ ಕಾರ್ಡಿನಿಂದ ಗೇಮ್ ಓಡದು, ಎಕ್ಸ್‌ಪ್ರೆಸ್ ಎಂಬ ಹೊಸ ಜಾತಿಯೇ ಬೇಕು. ಕೆಲವು ಗೇಮುಗಳ ಕಾರ್ಟ್ರಿಡ್ಜಿನಲ್ಲಿ ಗೇಮೇ ಇಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಬೀಗದ ಕೈ ಮಾತ್ರ. ಇನ್ನು ಈ ಯಂತ್ರದ ವೈಶಿಷ್ಟ್ಯಗಳನ್ನು ಪರಿಚಯಿಸುವ ‘ವೆಲ್ಕಮ್ ಟೂರ್’ಗೆ 9.99 ಡಾಲರ್. ಮದುವೆ ಮನೆಯ ಬಾಗಿಲಲ್ಲಿ ‘ಬನ್ನಿ ಬನ್ನಿ’ ಎಂದವರು ಪನ್ನೀರು ಚಿಮುಕಿಸಿ ರಸೀದಿ ಹರಿದಂತೆ.

ನಮ್ಮ ದೇಶದಲ್ಲಿ ನಿರೀಕ್ಷೆ ಎಂದರೆ ಬರೀ ಗುಣಾಕಾರ. 2021ರ ಫೆಬ್ರುವರಿಯಲ್ಲಿ ಪಿಎಸ್5 ಇಲ್ಲಿಗೆ ಬಂದಾಗ ಡಾಲರಿಗೆ ಸುಮಾರು 73 ರೂಪಾಯಿ. 499 ಗುಣಿಸು 73, ಅಂದರೆ 36,427. ಪೆಟ್ಟಿಗೆ ಮೇಲೆ 49,990. ‘ಹದಿಮೂರು ಸಾವಿರ ನುಂಗಿದರು’ ಎಂದು ಗಲಾಟೆ. ಅಮೆರಿಕದ ಬೆಲೆಗೆ ತೆರಿಗೆ ಕೌಂಟರಿನಲ್ಲಿ ಅಂಟಿಕೊಳ್ಳುತ್ತದೆ, ನಮ್ಮ ಎಂಆರ್‌ಪಿಯಲ್ಲಿ ಅದು ಮೊದಲೇ ಒಳಗೆ ಕೂತಿರುತ್ತದೆ. ಆಗ ಕನ್ಸೋಲಿಗೆ ಜಿಎಸ್‌ಟಿ ಶೇ. 18. ಅದನ್ನು ಬಿಡಿಸಲು 49,990ನ್ನು 18ರಿಂದ ಗುಣಿಸಿ 118ರಿಂದ ಭಾಗಿಸಬೇಕು (ನೇರವಾಗಿ ಶೇ. 18 ಕಳೆದರೆ ಲೆಕ್ಕ ಕೆಡುತ್ತದೆ): 7,626. ಉಳಿದದ್ದು 42,364. ನುಂಗಿದ್ದು ಆರು ಸಾವಿರದ ಆಸುಪಾಸು, ಅದರಲ್ಲೇ ಆಮದು ಸುಂಕವೂ ಅಡಗಬೇಕು. ಆದರೆ ಸರ್ಕಾರವನ್ನು ಬೈದರೆ ವ್ಯೂಸ್ ಬರುವುದಿಲ್ಲ, ಸೋನಿಯನ್ನು ಬೈದರೆ ಬರುತ್ತದೆ.

ಪಿಎಸ್5 ಪ್ರೋ ಬರುವಾಗ ಈ ಗುಣಾಕಾರ ಪರಾಕಾಷ್ಠೆ ಮುಟ್ಟಿತು. 69,990 ಎಂಬ ಬಣ, 79,990 ಎಂಬ ಬಣ, ಇಎಂಐ ಲೆಕ್ಕ ಹಾಕಿಕೊಟ್ಟ ಮೂರನೆಯ ಬಣ. ಕೊನೆಗೆ 2024ರಲ್ಲಿ ಸೋನಿ ತಿಳಿಸಿತು: ಇದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಭಾರತದಲ್ಲಿ ಇನ್ನೂ ಅನುಮತಿ ಇಲ್ಲ, ಆದ್ದರಿಂದ ಮಾರುವುದಿಲ್ಲ. ಯಾವ ಬಣವೂ ಸೋಲಲಿಲ್ಲ. ಬೇಕೇ ಬೇಕು ಎಂದವರಿಗೆ, ಕಂಪನಿಯ ಅಧಿಕೃತ ದಾರಿ ಬಿಟ್ಟು ಹೊರಗಿನಿಂದ ತಂದು ಮಾರುವ ಗ್ರೇ ಮಾರ್ಕೆಟ್ ಇತ್ತು. ಅಲ್ಲಿ ಎಂಆರ್‌ಪಿ ಇಲ್ಲ, ಭಾರತದ ವಾರಂಟಿ ಇಲ್ಲ. ಬೆಲೆ ಮಾತ್ರ ದಿನಾ ಬೆಳಗ್ಗೆ ಫೋನ್ ಮಾಡಿ ಕೇಳಿಕೊಳ್ಳಬೇಕು.