ಸತ್ಯಾಂಶ: ‘ಪಾಶ್’ ಹಡಗಿನ ಟಿಕೆಟ್ಟಿನಲ್ಲಿ ಹುಟ್ಟಿದ ಪದವಲ್ಲ

ಬ್ರಿಟನ್ನಿನಿಂದ ಭಾರತಕ್ಕೆ ಬರುವಾಗ ಹಡಗಿನ ಎಡಬದಿಯಲ್ಲೂ ಮರಳುವಾಗ ಬಲಬದಿಯಲ್ಲೂ ನೆರಳಿನ ಕೋಣೆ ಪಡೆಯುತ್ತಿದ್ದ ಸಿರಿವಂತರ ಟಿಕೆಟ್ಟಿನ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಾದ P.O.S.H. ಅನ್ನು ಒತ್ತುತ್ತಿದ್ದರು, ಠೀವಿಯ, ಸಿರಿವಂತಿಕೆಯ ಎಂಬರ್ಥದ ಇಂಗ್ಲಿಷ್ ಪದ ‘ಪಾಶ್’ ಹುಟ್ಟಿದ್ದು ಅಲ್ಲಿಂದಲೇ ಎಂಬ ಸಂದೇಶ ಹರಿದಾಡುತ್ತಿದೆ. ಕಥೆಯೇನೋ ಸೊಗಸಾಗಿದೆ, ಆಧಾರ ಮಾತ್ರ ಇಲ್ಲ. ಅಂಥ ಮುದ್ರೆಯ ಒಂದು ಟಿಕೆಟ್ಟೂ ಸಿಕ್ಕಿಲ್ಲ. ಈ ವಿವರಣೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದೇ 1930ರ ದಶಕದಲ್ಲಿ. ಅದಕ್ಕೂ ಮುಂಚೆ, 1918ರ ‘ಪಂಚ್’ ಎಂಬ ಬ್ರಿಟಿಷ್ ಹಾಸ್ಯಪತ್ರಿಕೆಯ ವ್ಯಂಗ್ಯಚಿತ್ರವೊಂದರಲ್ಲಿ ವಾಯುಪಡೆಯ ಅಧಿಕಾರಿಯೊಬ್ಬ ‘ಪಾಶ್’ ಆಗಿ ಕಾಲ ಕಳೆದೆವೆಂದಾಗ, ಹಾಗೆಂದರೇನೆಂದು ತಾಯಿ ಕೇಳುತ್ತಾಳೆ. ಪದ ಆಗಿನ್ನೂ ಬೀದಿಮಾತಾಗಿತ್ತು. 19ನೇ ಶತಮಾನದ ಲಂಡನ್ನಿನ ಆಡುನುಡಿಯಲ್ಲಿ ಅದು ಚಿಲ್ಲರೆ ಹಣಕ್ಕೂ, ಬಳಿಕ ಷೋಕಿಲಾಲನಿಗೂ ಸಂದಿತ್ತು; ರೋಮಾನಿಯಲ್ಲಿ (ಯುರೋಪಿನ ರೋಮಾ ಜನರ ಭಾಷೆ) ‘ಅರ್ಧ’ ಎಂಬ ಅರ್ಥದ ಪದವೇ ಹಣದ ಅರ್ಥದ ಮೂಲವೆಂಬ ಊಹೆ ಹೆಚ್ಚು ಒಪ್ಪುವಂತಿದೆ. ಬ್ರಿಟನ್ನಿನಲ್ಲಿ ಇಂದು ಈ ಹೊಗಳಿಕೆಯೊಳಗೆ ಮೇಲ್ವರ್ಗದ ಮೇಲಿನ ಕುಟುಕೂ ಅಡಗಿರಬಹುದು.