ಕ್ಲಿಪ್ ಹಾಕಿದ ಜಾಗ ಸರಿ, ಬೇರೆ ಕಡೆ?

ಮೆದುಳಿನ ರಕ್ತನಾಳ ಉಬ್ಬುವ ಅನ್ಯೂರಿಸಂಗೆ ಕಾಯಿಲ್ (ಉಬ್ಬಿನೊಳಗೆ ತುಂಬುವ ತೆಳು ತಂತಿಸುರುಳಿ) ಅಥವಾ ಕ್ಲಿಪ್ (ಉಬ್ಬಿನ ಬುಡಕ್ಕೆ ಹಾಕುವ ಪುಟ್ಟ ಲೋಹದ ಚಿಮುಟ) ಹಾಕಿದರೆ ಅಲ್ಲಿಗೆ ಮುಗಿಯಿತು ಅಂತ ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಅರ್ಧ ಮಾತ್ರ ನಿಜ. ಆ ಉಬ್ಬು ಮುಚ್ಚಿಹೋಗುತ್ತದೆ, ಆದರೆ ನಾಳದ ಗೋಡೆ ಸಡಿಲವಾಗುವ ಗುಣ ಎಲ್ಲಿಗೂ ಹೋಗಿರುವುದಿಲ್ಲ ಅಲ್ವಾ.

ನಮ್ಮ ಅತ್ತೆಗೆ 2009ರಲ್ಲಿ ಕ್ಲಿಪ್ ಹಾಕಿದ್ದರು. ಡಿಸ್ಚಾರ್ಜ್ ಮಾಡುವಾಗ ಬಿಪಿ ಮಾತ್ರೆ ಬರೆದುಕೊಟ್ಟರೇ ಹೊರತು, ಮುಂದೆ ಸ್ಕ್ಯಾನ್ ಮಾಡಿಸಿ ಅಂತ ಒಬ್ಬರೂ ಹೇಳಲಿಲ್ಲ. ಹನ್ನೊಂದು ವರ್ಷ ಆದಮೇಲೆ ತಲೆಸುತ್ತು ಅಂತ ಬೇರೆ ಕಡೆ ಸಿಟಿ ಆಂಜಿಯೋ (ಡೈ ಕೊಟ್ಟು ರಕ್ತನಾಳ ನೋಡುವ ಸ್ಕ್ಯಾನ್) ಮಾಡಿಸಿದರೆ, ಎಡಗಡೆಯ ಕ್ಲಿಪ್ ಹಾಗೇ ಕೂತಿದೆ, ಬಲಗಡೆ ನಾಳ ಕವಲೊಡೆಯುವಲ್ಲಿ ಹೊಸದೊಂದು, 4 ಮಿಲಿಮೀಟರ್, ಹೆಚ್ಚುಕಡಿಮೆ ಕರಿಮೆಣಸಿನ ಕಾಳಿನಷ್ಟು. ಬೀರುವಿನಲ್ಲಿದ್ದ ಹಳೇ ಫಿಲ್ಮ್ ತಂದು ಡಾಕ್ಟರಿಗೆ ತೋರಿಸಿದೆವು. ಆಗ ಅದು ಇರಲೇ ಇಲ್ಲ.

ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಹೀಗಾಗುವುದು ಅಪರೂಪವೇ, ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಆದರೆ ನಲವತ್ತಕ್ಕೇ ಕ್ಲಿಪ್ ಹಾಕಿಸಿಕೊಂಡವರ ಮುಂದೆ ಇನ್ನೂ ಮೂವತ್ತು ವರ್ಷ ಇರುತ್ತದೆ, ಲೆಕ್ಕ ಹಾಕಿ. ಬೀಡಿ ಸಿಗರೇಟು ಸೇದುವವರಿಗೆ, ಬಿಪಿ ಹಿಡಿತದಲ್ಲಿ ಇಲ್ಲದವರಿಗೆ, ಮನೆಯಲ್ಲಿ ಇನ್ನೊಬ್ಬರಿಗೂ ಇದ್ದವರಿಗೆ ಭಯ ಜಾಸ್ತಿ.

ನೀವು ಕೊಟ್ಟ, ಎರಡು ಅನ್ಯೂರಿಸಂ ಇದ್ದ ಇಂಗ್ಲಿಷ್ ನಟಿ ಎಮಿಲಿಯಾ ಕ್ಲಾರ್ಕ್ ಉದಾಹರಣೆ ಬೇರೆ ಥರದ್ದು. 2011ರಲ್ಲಿ ಮೊದಲನೆಯದು ಒಡೆದಾಗಲೇ ಎರಡನೆಯದೂ ಕಂಡಿತ್ತು, 2013ಕ್ಕೆ ಅದು ದೊಡ್ಡದಾಗಿತ್ತು ಅಷ್ಟೇ, ಹೊಸದಾಗಿ ಹುಟ್ಟಿದ್ದಲ್ಲ.

ಅತ್ತೆಗೆ ಸದ್ಯಕ್ಕೆ ಆಪರೇಷನ್ ಬೇಡ, ವರ್ಷಕ್ಕೊಂದು ಸ್ಕ್ಯಾನ್ ಸಾಕು ಅಂದಿದ್ದಾರೆ. ಡೈ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ಬಿಸಿ ಏರುತ್ತದೆ ಅಂತ ಪ್ರತಿ ಸಲ ನನಗೇ ಬೈಯುತ್ತಾರೆ.